ಜಾವಾ 250: ಕಿಕ್‌ಗೆ ಒಲಿಯದ ಗಾಡಿ ಮತ್ತು 6 ವೋಲ್ಟಿನ ಸೋರಿಕೆ

ಗಾಡಿ 1968ರ ಜಾವಾ 250 ಬೈಕು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಟೂ ಸ್ಟ್ರೋಕ್, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಬ್ಯಾಟರಿ, ಇಗ್ನಿಷನ್ ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಕಿಡಿ ಹಾರುವಷ್ಟು ಏರಿಸುವ ಸುರುಳಿ), ಪಾಯಿಂಟ್ (ಕಾಯಿಲಿನ ಕರೆಂಟನ್ನು ಸರಿಯಾದ ಕ್ಷಣಕ್ಕೆ ಕಡಿದು ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್), ಬಲಗಡೆಯ ಕವಚದೊಳಗೆ ಕರೆಂಟ್ ಹುಟ್ಟಿಸುವ ಡೈನಮೋ, ಎಲ್ಲವೂ 6 ವೋಲ್ಟಿನವು. ಸೋದರಮಾವನಿಂದ ನನಗೆ ಬಂದಿದೆ. ಕಾಸರಗೋಡು ಜಿಲ್ಲೆಯ ನೀರ್ಚಾಲಿನ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಕೊಟ್ಟಿಗೆಗೆ ತಾಗಿದ ಮಾಡಿನಡಿ ನಿಲ್ಲುತ್ತದೆ.

ದೂರು ಎರಡಿದ್ದವು. ಮಳೆಗಾಲ ಕಳೆದ ಮೇಲೆ ಬೆಳಗ್ಗೆ ತಣ್ಣಗಿರುವಾಗ ಕಿಕ್‌ಗೆ ಸ್ಟಾರ್ಟ್ ಆಗುತ್ತಿರಲಿಲ್ಲ. ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿ ತಳ್ಳಿದರೆ ಮಾತ್ರ ಹಿಡಿಯುತ್ತಿತ್ತು. ಹಿಡಿದ ಮೇಲೆ ಇಪ್ಪತ್ತು ನಿಮಿಷದ ಹೊತ್ತಿಗೆ, ಎಂಜಿನ್ ಚೆನ್ನಾಗಿ ಬಿಸಿಯಾದಾಗ, ಕೆಮ್ಮಿ ನಿಲ್ಲುತ್ತಿತ್ತು. ತಣಿದರೆ ಮತ್ತೆ ಓಡುತ್ತಿತ್ತು. ಇವೆರಡನ್ನೂ ಒಂದೇ ರೋಗ ಎಂದುಕೊಂಡು ಮದ್ದು ಹುಡುಕಿದ್ದರಿಂದಲೇ ಕೆಲಸ ಉದ್ದವಾಯಿತು. ತಣ್ಣಗಿನ ತೊಂದರೆಗೆ ಕಾರಣ ಒಂದು, ಬಿಸಿಯ ತೊಂದರೆಗೆ ಕಾರಣ ಇನ್ನೊಂದು. ಹಳೆಯ ಜಾವಾ, ಯೆಜ್ಡಿ ಇಟ್ಟುಕೊಂಡವರಿಗೆ ಉಪಯೋಗವಾಗಲಿ ಎಂದು ಅಳತೆಗಳ ಸಮೇತ ಬರೆದಿಡುತ್ತಿದ್ದೇನೆ.

ಬಳಸಿದ ಉಪಕರಣಗಳು: ಕೆಪಾಸಿಟರ್ ಅಳೆಯಬಲ್ಲ ಸಾಧಾರಣ ಮಲ್ಟಿಮೀಟರ್, ಸಣ್ಣ ಅಂತರ ಅಳೆಯುವ ಫೀಲರ್ ಗೇಜ್, ಬೆಸುಗೆಯ ಕಡ್ಡಿ, ಹೋಲ್ಡರಿನಲ್ಲಿ ಕೂರಿಸಿದ 6 ವೋಲ್ಟಿನ ಸಣ್ಣ ಬಲ್ಬ್, ಎರಡು ತುದಿಗೂ ಕ್ಲಿಪ್ ಇರುವ ಉದ್ದನೆಯ ವೈರ್. ಪಿಸ್ಟನ್ ಎಷ್ಟು ಸರಿಯಿತು ಎಂದು ಅಳೆಯುವ ಡಯಲ್ ಗೇಜ್ ಮಾತ್ರ ಕುಂಬಳೆಯ ಒಂದು ಲೇತ್ ಅಂಗಡಿಯಿಂದ ಎರವಲು.

ಹಂತ 1: ಪೆಟ್ರೋಲ್

ಊರಿನಲ್ಲಿ ಎಲ್ಲರೂ ಮೊದಲು ಬೆರಳು ತೋರಿಸಿದ್ದು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಕಡೆಗೆ. ತೆಗೆಯುವ ಮೊದಲು ಒಂದು ಸುಲಭ ಪರೀಕ್ಷೆ ಮಾಡಿದೆ: ಕಾರ್ಬ್ಯುರೇಟರಿನ ಮೇಲಿನ ಸಣ್ಣ ಗುಂಡಿ, ಅಂದರೆ ಟಿಕ್ಲರ್ ಒತ್ತಿ ಪೆಟ್ರೋಲ್ ಉಕ್ಕಿಸಿ, ಕೆಲವು ಕಿಕ್ ಹೊಡೆದು ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಪ್ಲಗ್‌ನ ತುದಿ ಒದ್ದೆಯಾಗಿತ್ತು. ಒದ್ದೆಯಾಗಿದೆ ಎಂದರೆ ಪೆಟ್ರೋಲ್ ಸಿಲಿಂಡರಿನವರೆಗೆ ಬರುತ್ತಿದೆ, ಅದನ್ನು ಹೊತ್ತಿಸುವ ಕಿಡಿ ಸಾಲುತ್ತಿಲ್ಲ. ಪ್ಲಗ್ ಒಣಗಿದ್ದರೆ ಮಾತ್ರ ಕಾರ್ಬ್ಯುರೇಟರಿನ ಮೇಲೆ ಸಂಶಯ ಪಡಬೇಕು.

ಹಾಗಿದ್ದರೂ ಜಿಕೋವ್ ಕಾರ್ಬ್ಯುರೇಟರನ್ನು ಇಳಿಸಿ ಶುಚಿ ಮಾಡಿದೆ, ಏಕೆಂದರೆ ಟ್ಯಾಂಕಿನಲ್ಲಿದ್ದ ಪೆಟ್ರೋಲ್ ಮಳೆಗಾಲಕ್ಕಿಂತ ಮೊದಲಿನದು. ಎಥನಾಲ್ ಬೆರೆತ ಪೆಟ್ರೋಲ್ ತೇವವನ್ನು ಎಳೆದುಕೊಳ್ಳುತ್ತದೆ. ನಮ್ಮ ಕಡೆಯ ಮಳೆಗಾಲದ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಫ್ಲೋಟ್ ಬಟ್ಟಲಿನ ತಳದಲ್ಲಿ ಬಿಳಿ ಲೋಳೆ ಕುಳಿತಿತ್ತು. ಪೆಟ್ರೋಲ್ ಹಾಯುವ ಜೆಟ್ಟಿನ ತೂತಿಗೆ ತಂತಿ ತೂರಿಸಬಾರದು, ತೂತು ದೊಡ್ಡದಾಗುತ್ತದೆ; ಗಾಳದ ನೈಲಾನ್ ದಾರ ಸಾಕು. ಹಳೆಯ ಪೆಟ್ರೋಲನ್ನು ಪೂರ್ತಿ ಬಸಿದು, 5 ಲೀಟರಿಗೆ 200 ಮಿ.ಲೀ. 2ಟಿ ಆಯಿಲ್ ಬೆರೆಸಿದ ಹೊಸ ಪೆಟ್ರೋಲ್ ತುಂಬಿಸಿದೆ.

ಫಲ: ಓಡುವಾಗ ಎಂಜಿನಿನ ದನಿ ತಿಳಿಯಾಯಿತು. ಕಿಕ್‌ಗೆ ಹಿಡಿಯಲಿಲ್ಲ. ಬಿಸಿಯಾದಾಗ ನಿಲ್ಲುವುದೂ ತಪ್ಪಲಿಲ್ಲ.

ಹಂತ 2: ಪ್ಲಗ್, ಕ್ಯಾಪ್, ಕಿಡಿಯ ಉದ್ದ

ಹೊಸ ಪ್ಲಗ್ ಹಾಕಿ ಅಂತರವನ್ನು 0.6 ಮಿ.ಮೀ.ಗೆ ಹೊಂದಿಸಿದೆ. ಸಿಲಿಂಡರಿನ ರೆಕ್ಕೆಗೆ ತಾಗಿಸಿ ಕಿಕ್ ಹೊಡೆದರೆ ಕಿಡಿ ಕಾಣಿಸಿತು. ಹೆಚ್ಚಿನವರು ಇಲ್ಲಿಗೇ "ಕರೆಂಟ್ ಇದೆ" ಎಂದು ತೀರ್ಮಾನಿಸಿ ಮುಂದೆ ಹೋಗುತ್ತಾರೆ. ಹೊರಗಿನ ಗಾಳಿಯಲ್ಲಿ 0.6 ಮಿ.ಮೀ. ಹಾರುವುದು ದೊಡ್ಡ ಸಂಗತಿಯಲ್ಲ. ಸಿಲಿಂಡರಿನೊಳಗೆ ಒತ್ತಡ ಹೆಚ್ಚಿದಂತೆ ಅಷ್ಟೇ ಅಂತರವನ್ನು ದಾಟಲು ಬಹಳ ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಹೊರಗೆ ಕಾಣುವ ಕಿಡಿ ಒಳಗೂ ಹಾರುತ್ತದೆ ಎನ್ನುವುದಕ್ಕೆ ಯಾವ ಖಾತ್ರಿಯೂ ಇಲ್ಲ.

ಆದ್ದರಿಂದ ಒಂದು ಮರದ ತುಂಡಿಗೆ ಎರಡು ಮೊಳೆ ಹೊಡೆದು, ತುದಿಗಳ ನಡುವಿನ ಅಂತರವನ್ನು ಬದಲಿಸಬಹುದಾದ ಪರೀಕ್ಷಕ ಮಾಡಿಕೊಂಡೆ. ಒಂದು ಮೊಳೆಗೆ ಪ್ಲಗ್‌ನ ವೈರ್, ಇನ್ನೊಂದರಿಂದ ಎಂಜಿನಿಗೆ ಅರ್ತ್. ಎರಡನೆಯ ಮೊಳೆಗೆ ಅರ್ತ್ ಕೊಡದೆ ಕಿಕ್ ಹೊಡೆಯಬಾರದು. ದಾರಿ ಸಿಗದ ವೋಲ್ಟೇಜ್ ಕಾಯಿಲಿನೊಳಗಿನ ನಿರೋಧಕವನ್ನೇ ಸೀಳಿಬಿಡಬಹುದು. 3 ಮಿ.ಮೀ. ಅಂತರವನ್ನು ಕಿಡಿ ತಡವರಿಸುತ್ತ ದಾಟಿತು, ಬಣ್ಣ ಕಿತ್ತಳೆ. 6 ಮಿ.ಮೀ.ಗೆ ಏನೂ ಇಲ್ಲ. ಆರೋಗ್ಯವಂತ ಕಾಯಿಲ್ 6 ಮಿ.ಮೀ.ಯನ್ನು ನೀಲಿ ಕಿಡಿಯಲ್ಲಿ ಸುಲಭವಾಗಿ ದಾಟಬೇಕು.

ರಾತ್ರಿ ದೀಪ ಆರಿಸಿ ಕಿಕ್ ಹೊಡೆದಾಗ ಪ್ಲಗ್‌ನ ತಲೆಗೆ ಕೂರುವ ಹಳೆಯ ಬೇಕಲೈಟ್ ಕ್ಯಾಪಿನ ಬಿರುಕಿನಲ್ಲಿ ಸಣ್ಣ ಬೆಳಕಿನ ಗೆರೆ ಓಡಿದ್ದು ಕಾಣಿಸಿತು. ಕ್ಯಾಪ್ ಬದಲಾಯಿಸಿ, ಹೈ ಟೆನ್ಷನ್ ವೈರಿನ ಕಪ್ಪಾದ ತುದಿಯನ್ನು ಒಂದು ಸೆಂ.ಮೀ. ಕತ್ತರಿಸಿ ಹೊಸದಾಗಿ ತಿರುಗಿಸಿ ಕೂರಿಸಿದೆ. ಕಿಡಿ 3 ಮಿ.ಮೀ.ಯನ್ನು ತಡವರಿಸದೆ ದಾಟತೊಡಗಿತು. ಅದಕ್ಕಿಂತ ಹೆಚ್ಚು ಮೇಲೇಳಲಿಲ್ಲ.

ಹಂತ 3: ಪಾಯಿಂಟ್ ಮತ್ತು ಕಂಡೆನ್ಸರ್

ಬಲಗಡೆಯ ಕವಚ ತೆಗೆದರೆ ಡೈನಮೋ, ಅದರ ಮೇಲೆಯೇ ಪಾಯಿಂಟ್. ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ದಿಬ್ಬ. ಎಂಜಿನ್ ಓಡುತ್ತಿರುವಾಗ ನೋಡಿದರೆ ಪಾಯಿಂಟಿನ ನಡುವೆ ದಪ್ಪ ಬಿಳಿ ಕಿಡಿ ಎದ್ದು ಕಾಣುತ್ತಿತ್ತು. ಅಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀಲಿ ಕಿಡಿ ಮಾತ್ರ ಇರಬೇಕು. ಇದು ಕಂಡೆನ್ಸರ್, ಅಂದರೆ ಪಾಯಿಂಟ್ ತೆರೆಯುವಾಗ ಅಲ್ಲಿ ಕಿಡಿ ಏಳದಂತೆ ತಡೆಯುವ ಕೆಪಾಸಿಟರ್, ಸೋತಿರುವ ಲಕ್ಷಣ.

ಪಾಯಿಂಟನ್ನು 400ರ ಎಮರಿ ಕಾಗದದಿಂದ ಸಮ ಮಾಡಿ, ಬಳಿಕ ಪೆಟ್ರೋಲಿನಲ್ಲಿ ಅದ್ದಿದ ದಪ್ಪ ಕಾಗದವನ್ನು ನಡುವೆ ಎಳೆದು ಪುಡಿ ತೆಗೆದೆ. ಈ ಎರಡನೆಯ ಕೆಲಸ ಬಿಟ್ಟರೆ ಎಮರಿಯ ಧೂಳೇ ಕರೆಂಟಿಗೆ ಅಡ್ಡ ಬರುತ್ತದೆ. ಅಂತರ 0.4 ಮಿ.ಮೀ. ಪಾಯಿಂಟನ್ನು ತೆರೆಸುವ ಕ್ಯಾಮಿಗೆ ತಾಗುವ ಫೆಲ್ಟಿಗೆ ಒಂದು ತೊಟ್ಟು ಎಣ್ಣೆ, ಅದಕ್ಕಿಂತ ಹೆಚ್ಚಲ್ಲ.

ಆಮೇಲೆ ಹೊಸ ಕಂಡೆನ್ಸರ್ ತಂದು ಹಾಕಿದೆ. ಗಾಡಿ ಮೊದಲಿಗಿಂತ ಕೆಟ್ಟಿತು. ತಳ್ಳಿದರೂ ಹಿಡಿಯಲಿಲ್ಲ. ಹೊಸದು ಹಾಕಿಯೂ ಸರಿಹೋಗದಿದ್ದಾಗ ತೊಂದರೆ ಬೇರೆ ಕಡೆ ಇದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಹಾಗೆಯೇ ಅನ್ನಿಸಿ ಹೊಸ ಪಾಯಿಂಟ್ ಸೆಟ್ಟಿಗೂ ದುಡ್ಡು ಹೋಯಿತು, ಅದರಿಂದ ಏನೂ ಆಗಲಿಲ್ಲ. ಕೊನೆಗೆ ಹೊಸ ಕಂಡೆನ್ಸರನ್ನು ಬಿಚ್ಚಿ ಮಲ್ಟಿಮೀಟರಿಗೆ ಹಿಡಿದೆ: 0.08 ಮೈಕ್ರೋಫ್ಯಾರಡ್. ಇಂಥ ಇಗ್ನಿಷನ್‌ಗೆ ಸುಮಾರು 0.2ರ ಆಸುಪಾಸಿನಲ್ಲಿ ಇರಬೇಕು. ಹಳೆಯದನ್ನು ಅಳೆದರೆ 0.21, ಅಂದರೆ ಸರಿ!

ಹಾಗಾದರೆ ಹಳೆಯದರಲ್ಲಿ ದೋಷ ಏನು? ಗಾಡಿ ಬಿಸಿಯಾದಾಗ ನಿಲ್ಲುತ್ತದೆ ಎಂದಾದರೆ ಕಂಡೆನ್ಸರನ್ನೂ ಬಿಸಿಯಲ್ಲಿಯೇ ಅಳೆಯಬೇಕಲ್ಲವೇ. ಅನ್ನದ ಪಾತ್ರೆಯ ಮುಚ್ಚಳದ ಮೇಲೆ ಅದನ್ನು ಹತ್ತು ನಿಮಿಷ ಇಟ್ಟು, ಬಟ್ಟೆಯಲ್ಲಿ ಹಿಡಿದು ಮತ್ತೆ ಅಳೆದೆ. ಅಂಕಿ ಒಂದೆಡೆ ನಿಲ್ಲದೆ ಏರಿಳಿಯಿತು. ರೆಸಿಸ್ಟೆನ್ಸ್ ನೋಡಿದರೆ 40 ಕಿಲೋ ಓಮ್; ತಣ್ಣಗಿದ್ದಾಗ ಮೀಟರಿಗೆ ಸಿಗದಷ್ಟು ಮೇಲಿತ್ತು. ಬಿಸಿ ತಾಗಿದೊಡನೆ ಒಳಗಿನ ನಿರೋಧಕ ಪದರ ಸೋರತೊಡಗುತ್ತದೆ. ಎರಡನೆಯ ದೂರಿನ ಕಾರಣ ಕೈಯಲ್ಲಿ ಹಿಡಿದು ತೋರಿಸುವಷ್ಟು ಸ್ಪಷ್ಟವಾಯಿತು. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಅಳತೆ ಇದು.

ಬಿಡಿಭಾಗದ ಬಗ್ಗೆ ಒಂದು ಮಾತು. ಮೈಸೂರಿನ ಕಾರ್ಖಾನೆ 1961ರಿಂದ ಜಾವಾ ತಯಾರಿಸಿತು, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮುಂದುವರಿಯಿತು, 1996ರಲ್ಲಿ ಮುಚ್ಚಿತು. ಇಂದು ಅಂಗಡಿಯಲ್ಲಿ ಈ ಹಳೆಯ ಗಾಡಿಗಳಿಗೆ ಸಿಗುವ ಕಂಡೆನ್ಸರ್ ಒಂದೋ ದಶಕಗಳಿಂದ ಕಪಾಟಿನಲ್ಲಿ ಕುಳಿತದ್ದು, ಇಲ್ಲವೇ ಯಾರೋ ಮಾಡಿದ ನಕಲು. ಪೊಟ್ಟಣ ಹೊಸದೆಂಬ ಕಾರಣಕ್ಕೆ ಒಳಗಿನದು ಒಳ್ಳೆಯದಾಗಬೇಕಿಲ್ಲ. ಹಾಕುವ ಮೊದಲು ಅಂಗಡಿಯ ಕಟ್ಟೆಯ ಮೇಲೆಯೇ ಅಳೆಯಬೇಕು. ಮಲ್ಟಿಮೀಟರ್ ಕಿಸೆಯಲ್ಲಿ ಹಿಡಿಯುತ್ತದೆ.

ಕಾಸರಗೋಡು ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 0.22 ಮೈಕ್ರೋಫ್ಯಾರಡ್, 630 ವೋಲ್ಟಿನ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ 18 ರೂಪಾಯಿಗೆ ಸಿಕ್ಕಿತು. ಬೈಕಿಗೆ ಎಂದಾಗ ಅಂಗಡಿಯವರು ಮಲಯಾಳದಲ್ಲಿ ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡು ಕೊಟ್ಟರು. ಇದನ್ನು ಎಂಜಿನಿನ ಬಿಸಿ ತಾಗುವ ಡೈನಮೋ ಕವಚದೊಳಗೆ ಇಡದೆ, ಟ್ಯಾಂಕಿನಡಿ ಕಾಯಿಲಿನ ಪಕ್ಕಕ್ಕೆ ತಂದೆ. ಪಾಯಿಂಟಿನಿಂದ ವೈರ್ ಬರುವ ಕಾಯಿಲ್ ತುದಿಗೆ ಒಂದು ಕಾಲು, ಕಾಯಿಲ್ ಹಿಡಿದ ಬೋಲ್ಟಿನ ಅರ್ತಿಗೆ ಇನ್ನೊಂದು ಕಾಲು. ಅಲುಗಾಟಕ್ಕೆ ಕಾಲು ಮುರಿಯದಂತೆ ಮೆತ್ತನೆಯ ವೈರ್ ಬೆಸೆದು, ಸ್ಲೀವ್ ಹಾಕಿ, ಸಿಲಿಕೋನ್ ಮೆತ್ತಿ ಕಟ್ಟಿದೆ.

ಫಲ: ತಳ್ಳಿ ಸ್ಟಾರ್ಟ್ ಮಾಡಿ ಬದಿಯಡ್ಕ ದಾಟಿ ಮುಳ್ಳೇರಿಯದವರೆಗೆ ಹೋಗಿ ಬಂದೆ. ಎಲ್ಲಿಯೂ ನಿಲ್ಲಲಿಲ್ಲ. ಆದರೆ ಮರುದಿನ ಬೆಳಗ್ಗೆ ಕಿಕ್‌ಗೆ ಮತ್ತೆ ಮೌನ.

ಹಂತ 4: ವೋಲ್ಟೇಜ್ ಎಲ್ಲಿ ಹೋಗುತ್ತಿದೆ

ಈ ಹೊತ್ತಿಗೆ ಕಾಯಿಲ್ ಬದಲಾಯಿಸು ಎಂದು ಒಬ್ಬರು, ಪೂರ್ತಿ 12 ವೋಲ್ಟಿಗೆ ಪರಿವರ್ತಿಸು ಎಂದು ಇನ್ನೊಬ್ಬರು ಹೇಳಿದ್ದರು. ಕಾಯಿಲಿನ ಪ್ರೈಮರಿ ಅಳೆದರೆ 1.5 ಓಮ್ ಬಂತು, 6 ವೋಲ್ಟಿನ ಕಾಯಿಲಿಗೆ ತಕ್ಕದ್ದೇ. ಕಾಯಿಲಿನ ಮೇಲೆ ಹಣ ಹಾಕುವ ಮೊದಲು ಒಂದು ನೇರ ಪರೀಕ್ಷೆ: ಕ್ಲಿಪ್ ವೈರಿನಿಂದ ಬ್ಯಾಟರಿಯ ಧನ ತುದಿಯನ್ನು ಕಾಯಿಲಿನ ಧನ ತುದಿಗೆ ನೇರವಾಗಿ ಜೋಡಿಸಿ, ಎಂಜಿನಿನಿಂದ ಬ್ಯಾಟರಿಯ ಋಣ ತುದಿಗೆ ಇನ್ನೊಂದು ವೈರ್ ಕೊಟ್ಟು ಕಿಕ್ ಹೊಡೆದೆ. ಮೊಳೆಗಳ ನಡುವಿನ 6 ಮಿ.ಮೀ.ಯನ್ನು ನೀಲಿ ಕಿಡಿ ಚಟ್ಟನೆ ದಾಟಿತು. ಕಾಯಿಲ್ ಚೆನ್ನಾಗಿದೆ, ಬ್ಯಾಟರಿ ಚೆನ್ನಾಗಿದೆ. ಇವೆರಡರ ನಡುವಿನ ದಾರಿ ಕೆಟ್ಟಿದೆ.

ಇನ್ನು ಅಳತೆ. ಇಲ್ಲಿ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಪಾಯಿಂಟ್ ತೆರೆದಿರುವಾಗ ಕಾಯಿಲಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆಗ ಮೀಟರ್ ಹಿಡಿದರೆ ಎಷ್ಟೇ ಕಿಲುಬು ಹಿಡಿದ ವೈರೂ ಪೂರ್ತಿ 6.3 ವೋಲ್ಟ್ ತೋರಿಸುತ್ತದೆ. ಎಂಜಿನನ್ನು ಕೈಯಿಂದ ತಿರುಗಿಸಿ ಪಾಯಿಂಟ್ ಮುಚ್ಚಿಸಿಕೊಂಡು, ಕೀ ಆನ್ ಮಾಡಿ, ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು. ಆ ಸ್ಥಿತಿಯಲ್ಲಿ ಕೀಯನ್ನು ಹೆಚ್ಚು ಹೊತ್ತು ಬಿಡಬಾರದು, ಕಾಯಿಲ್ ಕಾಯುತ್ತದೆ. ಒಂದು ಅಳತೆ, ಕೀ ಆಫ್, ಬರೆದುಕೊಳ್ಳುವುದು, ಮತ್ತೆ ಆನ್.

ಬ್ಯಾಟರಿಯ ತುದಿಗಳಲ್ಲಿ 6.2 ವೋಲ್ಟ್. ಅಲ್ಲಿಂದ ದಾರಿಯುದ್ದಕ್ಕೂ ಕಳೆದದ್ದು ಇಷ್ಟು:

ಬ್ಯಾಟರಿಯಿಂದ ಫ್ಯೂಸ್ ದಾಟುವವರೆಗೆ 0.3
ಫ್ಯೂಸಿನಿಂದ ಹೆಡ್‌ಲೈಟ್ ಬಳಿಯ ಸ್ವಿಚ್ಚಿಗೆ ಹೋಗುವ ವೈರಿನಲ್ಲಿ 0.2
ಇಗ್ನಿಷನ್ ಸ್ವಿಚ್ಚಿನ ಒಳಗೆ 0.8
ಸ್ವಿಚ್ಚಿನಿಂದ ಕಾಯಿಲಿಗೆ 0.1
ಮುಚ್ಚಿದ ಪಾಯಿಂಟಿನಲ್ಲಿ 0.15
ಎಂಜಿನಿನಿಂದ ಬ್ಯಾಟರಿಯ ಋಣ ತುದಿಗೆ 0.25

ಒಟ್ಟು 1.8 ವೋಲ್ಟ್. ಕಾಯಿಲಿಗೆ ಉಳಿದದ್ದು 4.4. ಅಂದರೆ ನಷ್ಟವಿಲ್ಲದಿದ್ದರೆ 4.1 ಆಂಪಿಯರ್ ಹರಿಯಬೇಕಾದಲ್ಲಿ 2.9 ಹರಿಯುತ್ತಿತ್ತು. ಕಾಯಿಲಿನಲ್ಲಿ ಸೇರುವ ಶಕ್ತಿ ಕರೆಂಟಿನ ವರ್ಗಕ್ಕೆ ಅನುಗುಣ, ಆದ್ದರಿಂದ ಕಿಡಿಯ ಬಲ ಅರ್ಧಕ್ಕೆ ಇಳಿದಿತ್ತು. 12 ವೋಲ್ಟಿನ ಗಾಡಿಯಲ್ಲಿ ಒಂದು ವೋಲ್ಟ್ ಹೋದರೆ ಓಡುತ್ತದೆ. 6 ವೋಲ್ಟಿನಲ್ಲಿ ಅದು ಆರರಲ್ಲಿ ಒಂದು ಪಾಲು. ತಳ್ಳಿದಾಗ ಏಕೆ ಹಿಡಿಯುತ್ತಿತ್ತು ಎಂಬುದೂ ಇದರಲ್ಲಿಯೇ ಇದೆ: ತಳ್ಳಿದಾಗ ಎಂಜಿನ್ ಕಿಕ್‌ಗಿಂತ ಬೇಗ ತಿರುಗುತ್ತದೆ, ಡೈನಮೋ ಎಚ್ಚರಗೊಂಡು ವೋಲ್ಟೇಜನ್ನು ಮೇಲಕ್ಕೆತ್ತುತ್ತದೆ. ಕಿಕ್‌ನ ಹೊತ್ತಿಗೆ ಇರುವುದು ಬ್ಯಾಟರಿ ಒಂದೇ.

ಸ್ವಿಚ್ಚಿನಿಂದ ಕೆಲಸ ಶುರುಮಾಡಿದೆ. ಒಳಗಿನ ಹಿತ್ತಾಳೆಯ ಪಟ್ಟಿಗಳು ಹಸಿರು ಕಿಲುಬಿನಿಂದ ಮುಚ್ಚಿಹೋಗಿದ್ದವು, ಎರಡು ರಿವೆಟ್‌ಗಳು ಬೆರಳಿಗೆ ಅಲುಗುತ್ತಿದ್ದವು. ಕಿಲುಬಿಗೆ ನಮ್ಮ ಹಿತ್ತಿಲಿನ ಬಿಂಬುಳಿ ಎಂಬ ಹುಳಿಕಾಯಿಗಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ; ದೇವರ ದೀಪ ಬೆಳಗುವಂತೆಯೇ ಹೋಳು ಮಾಡಿ ಉಜ್ಜಿದರೆ ಹಿತ್ತಾಳೆ ಹೊಳೆಯುತ್ತದೆ. ಆದರೆ ಹುಳಿ ಒಳಗೆ ಉಳಿಯಬಾರದು. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಆಮೇಲೆ ಬಿಸಿನೀರಿನಲ್ಲಿ ತೊಳೆದು, ಅಂಗಳದಲ್ಲಿ ಅಡಿಕೆಯ ಜೊತೆ ಇಡೀ ದಿನ ಬಿಸಿಲಿಗೆ ಇಟ್ಟೆ. ಸಡಿಲವಾದ ರಿವೆಟ್‌ಗಳನ್ನು ಸಣ್ಣ ಸುತ್ತಿಗೆಯಿಂದ ಹದವಾಗಿ ತಟ್ಟಿ ಬಿಗಿ ಮಾಡಿ, ಹಿಂಬದಿಯಲ್ಲಿ ಬೆಸುಗೆ ಕೊಟ್ಟೆ. ಬೆಸುಗೆ ಬೇಗ ಮುಗಿಸಬೇಕು, ತಡಮಾಡಿದರೆ ಬೇಕಲೈಟ್ ಸುಡುತ್ತದೆ. ಸ್ವಿಚ್ಚಿನ ನಷ್ಟ 0.8ರಿಂದ 0.1ಕ್ಕೆ ಇಳಿಯಿತು.

ಬ್ಯಾಟರಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಕಾಯಿಲಿಗೆ 2.5 ಚದರ ಮಿ.ಮೀ.ಯ ಹೊಸ ವೈರ್ ಎಳೆದೆ. ಹಳೆಯ ವೈರಿನ ಹೊದಿಕೆ ಹೊರಗಿನಿಂದ ಚೆನ್ನಾಗಿಯೇ ಇತ್ತು. ಸುಲಿದು ನೋಡಿದರೆ ಒಂದು ಗೇಣು ಒಳಗಿನವರೆಗೂ ಎಳೆಗಳು ಕಪ್ಪು. ಅಂಥದ್ದಕ್ಕೆ ಬೆಸುಗೆಯೂ ಹಿಡಿಯುವುದಿಲ್ಲ. ಗಾಜಿನ ಫ್ಯೂಸಿನ ಕ್ಲಿಪ್ ಸ್ಪ್ರಿಂಗ್ ಕಳೆದುಕೊಂಡಿತ್ತು, ಅದರ ಬದಲು ಬ್ಲೇಡ್ ಫ್ಯೂಸಿನ ಹೋಲ್ಡರ್ ಹಾಕಿ ಟೂಲ್ ಬಾಕ್ಸಿನೊಳಗೆ ಮರೆಮಾಡಿದೆ. ಹೊರಗಿನಿಂದ ಗಾಡಿ ಹಳೆಯದರಂತೆಯೇ ಕಾಣಬೇಕು ಎಂಬ ಆಸೆ ನನಗಿದೆ.

ಅರ್ತಿನ ಕಡೆಗೆ ಯಾರೂ ಗಮನ ಕೊಡುವುದಿಲ್ಲ. ಫ್ರೇಮಿಗೆ ಹಿಂದೊಮ್ಮೆ ಹೊಸ ಪೈಂಟ್ ಹೊಡೆಸಿದ್ದಾಗ ಎಂಜಿನ್ ಕೂರುವ ಜಾಗಗಳಿಗೂ, ಬ್ಯಾಟರಿಯ ಅರ್ತ್ ಬೋಲ್ಟಿಗೂ ಬಣ್ಣ ಬಿದ್ದಿತ್ತು. ಅಲ್ಲೆಲ್ಲ ಕಬ್ಬಿಣ ಕಾಣುವಷ್ಟು ಕೆರೆದು, ಎಂಜಿನಿನ ಒಂದು ಬೋಲ್ಟಿನಿಂದ ಬ್ಯಾಟರಿಯ ಋಣ ತುದಿಗೆ ನೇರ ವೈರ್ ಎಳೆದು, ಮೇಲೆ ಗ್ರೀಸ್ ಸವರಿದೆ.

ಮತ್ತೆ ಪಾಯಿಂಟ್ ಮುಚ್ಚಿ ಅಳೆದಾಗ ಒಟ್ಟು ನಷ್ಟ 0.35 ವೋಲ್ಟ್, ಕಾಯಿಲಿಗೆ 5.85. ಮೊಳೆಗಳ ನಡುವಿನ 6 ಮಿ.ಮೀ.ಯನ್ನು ಪ್ರತಿ ಕಿಕ್‌ಗೂ ಕಿಡಿ ದಾಟಿತು.

12 ವೋಲ್ಟಿನ ಪರಿವರ್ತನೆಯ ಬಗ್ಗೆ ನನ್ನ ಅಭಿಪ್ರಾಯ: ಕಿಲುಬು ಹಿಡಿದ ಸ್ವಿಚ್, ಬಣ್ಣದ ಮೇಲೆ ಕುಳಿತ ಅರ್ತ್ ಹಾಗೆಯೇ ಉಳಿದರೆ ಅದು ತೊಂದರೆಯನ್ನು ಮರೆಸುತ್ತದೆ, ಕಳೆಯುವುದಿಲ್ಲ. ರಾತ್ರಿ ದೂರ ಓಡಿಸುವವರಿಗೆ ಬೆಳಕಿಗಾಗಿ 12 ವೋಲ್ಟ್ ಬೇಕಾಗಬಹುದು. ಕಿಡಿಗಾಗಿ ಬೇಡ.

ಹಂತ 5: ಟೈಮಿಂಗ್

ಪಾಯಿಂಟಿನ ಅಂತರ ಬದಲಾದಾಗಲೆಲ್ಲ ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ, ಹಿಂದೆ ಮುಂದೆ ಸರಿಯುತ್ತದೆ, ಆದ್ದರಿಂದ ಅಂತರ ಮೊದಲು, ಟೈಮಿಂಗ್ ಆಮೇಲೆ. ಪ್ಲಗ್ ಬಿಚ್ಚಿ ಡಯಲ್ ಗೇಜ್ ಇಳಿಸಿ, ಪಿಸ್ಟನ್ ಮೇಲಿನ ತುದಿ ಮುಟ್ಟುವ ಜಾಗವನ್ನು ಸೊನ್ನೆ ಮಾಡಿಕೊಂಡೆ. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ನಾಲ್ಕನೇ ಗೇರಿನಲ್ಲಿ ಹಿಂದಿನ ಚಕ್ರ ತಿರುಗಿಸಿದರೆ ಎಂಜಿನ್ ನಿಧಾನಕ್ಕೆ ತಿರುಗುತ್ತದೆ. ಚೈನುಗಳ ಸಡಿಲು ಅಳತೆ ಕೆಡಿಸದಂತೆ ಕೊನೆಯ ಚಲನೆ ಯಾವಾಗಲೂ ಮುಂದಕ್ಕೇ ಇರಬೇಕು.

6 ವೋಲ್ಟಿನ ಬಲ್ಬನ್ನು ಪಾಯಿಂಟಿನ ತುದಿಗೂ ಅರ್ತಿಗೂ ಜೋಡಿಸಿ ಕೀ ಆನ್ ಮಾಡಿದರೆ, ಪಾಯಿಂಟ್ ಮುಚ್ಚಿದ್ದಾಗ ಬಲ್ಬ್ ಆರಿರುತ್ತದೆ, ತೆರೆದ ಕ್ಷಣ ಹತ್ತುತ್ತದೆ. ಬಲ್ಬ್ ಹತ್ತುವಾಗ ಪಿಸ್ಟನ್ ಮೇಲಿನ ತುದಿಗಿಂತ ಎಷ್ಟು ಮಿ.ಮೀ. ಕೆಳಗಿದೆ ಎಂಬುದೇ ಟೈಮಿಂಗ್. ಆ ಅಂಕಿ ಮಾದರಿಯಿಂದ ಮಾದರಿಗೆ ಬೇರೆ, ತಮ್ಮ ಗಾಡಿಯ ಕೈಪಿಡಿ ನೋಡಿಯೇ ಇಡಬೇಕು. ಯೆಜ್ಡಿಯದನ್ನು ಜಾವಾಕ್ಕೆ ತಂದಿಡಬಾರದು. ನನ್ನದು ಕೈಪಿಡಿಯ ಅಳತೆಗಿಂತ ಸುಮಾರು ಅರ್ಧ ಮಿ.ಮೀ. ತಡವಾಗಿತ್ತು. ಪಾಯಿಂಟ್ ಕೂತ ಪ್ಲೇಟಿನ ಸ್ಕ್ರೂ ಸಡಿಲಿಸಿ ಸರಿಸಿ, ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿದೆ. ಬಿಗಿ ಮಾಡುವಾಗಲೇ ಪ್ಲೇಟ್ ಕೂದಲೆಳೆಯಷ್ಟು ಜಾರುವುದುಂಟು.

ಹಂತ 6: ಓಡಿಸಿ ನೋಡಿದ್ದು

ಬೆಳಗ್ಗೆ, ಇಬ್ಬನಿಯಲ್ಲಿ ರಾತ್ರಿಯಿಡೀ ನಿಂತ ಗಾಡಿ. ಟಿಕ್ಲರ್ ಒತ್ತಿ, ಗೇರ್ ಲಿವರನ್ನೇ ಒಳಕ್ಕೆ ದೂಡಿ ಹಿಂದಕ್ಕೆ ತಿರುಗಿಸಿ ಕಿಕ್ ಮಾಡಿಕೊಂಡು, ಕೀ ಇಲ್ಲದೆ ಒಂದೆರಡು ಸಲ ತುಳಿದು, ಆಮೇಲೆ ಕೀ ಹಾಕಿ ತುಳಿದೆ. ಮೊದಲ ತುಳಿತಕ್ಕೇ ಹಿಡಿಯಿತು. ನೆರೆಮನೆಯವರು ತುಳುವಿನಲ್ಲಿ ಏನೋ ಕೂಗಿದರು. ಎರಡು ಸೈಲೆನ್ಸರಿನ ಸದ್ದಿನಲ್ಲಿ ಕೇಳಿಸಲಿಲ್ಲ.

ಬಿಸಿಯ ಪರೀಕ್ಷೆಗೆ ಧರ್ಮತ್ತಡ್ಕದ ಕಡೆಯಿಂದ ಪೊಸಡಿಗುಂಪೆಯ ಏರು ಹತ್ತಿಸಿದೆ. ಕೆಳಗಿನ ಗೇರಿನಲ್ಲಿ, ಗಾಳಿ ಸಾಲದೆ ಎಂಜಿನ್ ಕಾಯುವ ದಾರಿ ಅದು. ಮೇಲೆ ನಿಲ್ಲಿಸಿ, ಕಾವು ಇರುವಾಗಲೇ ಮತ್ತೆ ಕಿಕ್ ಹೊಡೆದೆ, ಹಿಡಿಯಿತು. ಮನೆಗೆ ಬಂದು ಪ್ಲಗ್ ತೆಗೆದರೆ ತುದಿ ಒಣಗಿದ ಕಂದು ಬಣ್ಣ.

ಖರ್ಚು: ಪ್ಲಗ್ 150, ಕ್ಯಾಪ್ 90, ಉಪಯೋಗಕ್ಕೆ ಬಾರದ ಕಂಡೆನ್ಸರ್ 160, ಬೇಕಿಲ್ಲದ ಪಾಯಿಂಟ್ ಸೆಟ್ 280, ಫಿಲ್ಮ್ ಕೆಪಾಸಿಟರ್ 18, ವೈರ್ 105, ಲಗ್‌ಗಳು 60, ಫ್ಯೂಸ್ ಹೋಲ್ಡರ್ 40. ಒಟ್ಟು 903 ರೂಪಾಯಿ. ಅದರಲ್ಲಿ 440 ಅಳೆಯದೆ ಕೊಂಡ ಎರಡು ವಸ್ತುಗಳದ್ದು.

ಉಳಿದಿರುವುದು ಡೈನಮೋ. ಹೆಡ್‌ಲೈಟ್ ಹಾಕಿ ನಿಧಾನಕ್ಕೆ ಓಡಿಸಿದರೆ ಆಮೀಟರಿನ ಮುಳ್ಳು ಋಣದ ಕಡೆಗೆ ವಾಲಿ ನಡುಗುತ್ತದೆ. ಡೈನಮೋದೊಳಗೆ ತಿರುಗುವ ತಾಮ್ರದ ಕಮ್ಯುಟೇಟರಿನ ಗೀರುಗಳಲ್ಲಿ ತುಂಬಿದ್ದ ಕಾರ್ಬನ್ ಪುಡಿಯನ್ನು ಬಿದಿರಿನ ಕಡ್ಡಿಯಿಂದ ತೆಗೆದಾಗ ನಡುಕ ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಅದಕ್ಕೆ ತಾಗುವ ಕಾರ್ಬನ್ ತುಂಡುಗಳಲ್ಲಿ, ಅಂದರೆ ಬ್ರಷ್‌ಗಳಲ್ಲಿ, ಒಂದು ಸವೆದು ಸ್ಪ್ರಿಂಗಿನ ಒತ್ತಡ ತಾಗದಷ್ಟು ಗಿಡ್ಡವಾಗಿದೆ. ಮೈಸೂರಿನಿಂದ ಒಂದು ಜೊತೆ ತರಿಸಲು ಹೇಳಿದ್ದೇನೆ; ಬಂದೊಡನೆ ಹಾಕುವ ಮೊದಲು ಹಳೆಯದರ ಅಗಲ, ದಪ್ಪದ ಜೊತೆ ವರ್ನಿಯರಿನಲ್ಲಿ ಹೋಲಿಸಿ ನೋಡಬೇಕು.